ಕನ್ನಡ ತರಗತಿಯಲ್ಲಿ ಆಟವೇಕೆ?

ಸಂಪಾದಕರಿಗೆ,

ಮಾನ್ಯರೇ,

ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ ಕೇಳುತ್ತ, ಹೊರಗೆ ಮರಾಠಿ–ಹಿಂದಿಯಲ್ಲಿ ಬೆಳೆಯುತ್ತಿರುವ ಮಕ್ಕಳಿಗಾಗಿ ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ಭಾನುವಾರ ನಡೆಯುವ ಕನ್ನಡ ತರಗತಿಯೊಂದರಲ್ಲಿ ನಾನು ಪಾಠ ಹೇಳುತ್ತೇನೆ. ಕಳೆದ ತಿಂಗಳು ಪಾಲಕರೊಬ್ಬರು, ‘ಎರಡು ಗಂಟೆಯಲ್ಲಿ ಅರ್ಧ ಗಂಟೆ ಆಟವೇ ಆದರೆ ವ್ಯಾಕರಣ ಯಾವಾಗ?’ ಎಂದು ಕೇಳಿದರು. ಆ ಅರ್ಧ ಗಂಟೆಯೇ ವ್ಯಾಕರಣದ್ದು ಎಂದೆ. ಇತರ ತರಗತಿಗಳಲ್ಲೂ ಈ ಪ್ರಶ್ನೆ ಎದ್ದಿರಬಹುದಾದ್ದರಿಂದ ಉತ್ತರವನ್ನು ತುಸು ವಿವರವಾಗಿ ಬರೆಯುತ್ತಿದ್ದೇನೆ.

ಈ ಮಕ್ಕಳ ತಪ್ಪುಗಳಿಗೆ ಕಾರಣಗಳಿವೆ. ಮರಾಠಿಯಲ್ಲಿ ಬಸ್ಸು ಸ್ತ್ರೀಲಿಂಗವಾದ್ದರಿಂದ ಅವರು ‘ಬಸ್ಸು ಬಂದಳು’ ಎನ್ನುತ್ತಾರೆ; ಅಲ್ಲಿ ‘ನಾಹೀ’ ಎಂಬ ಒಂದೇ ಮಾತು ನಮ್ಮ ‘ಅಲ್ಲ’, ‘ಇಲ್ಲ’ ಎರಡರ ಕೆಲಸವನ್ನೂ ಮಾಡುವುದರಿಂದ ‘ಇದು ನನ್ನ ಚೀಲ ಇಲ್ಲ’ ಎನ್ನುತ್ತಾರೆ; ಎ–ಏ ಭೇದದ ರೂಢಿಯಿಲ್ಲದೆ ಬೆಳೆಯನ್ನೂ ಬೇಳೆಯನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸುತ್ತಾರೆ. ವಿಭಕ್ತಿ ಪ್ರತ್ಯಯಗಳನ್ನು ‘ಉ, ಅನ್ನು, ಇಂದ’ ಎಂದು ತಡವರಿಸದೆ ಒಪ್ಪಿಸುವ ಹುಡುಗನೇ ಮೆಟ್ಟಿಲಿಳಿಯುತ್ತ ತಾಯಿಗೆ ‘ಅಜ್ಜಿಯ ಮನೆಕ್ಕೆ ಹೋಗೋಣ’ ಎನ್ನುವುದನ್ನು ನಾನೇ ಕೇಳಿದ್ದೇನೆ.

ಆದ್ದರಿಂದ ನೆಲದ ಮೇಲೆ ಸೀಮೆಸುಣ್ಣದಲ್ಲಿ ದಾದರಿನಿಂದ ಕಲ್ಯಾಣದವರೆಗಿನ ಲೋಕಲ್ ರೈಲು ನಿಲ್ದಾಣಗಳನ್ನು ಮನೆಮನೆಯಾಗಿ ಬರೆದು, ಚೌಕಾಬಾರದ ನಾಲ್ಕು ಕವಡೆಗಳನ್ನು ಮಕ್ಕಳ ಕೈಗೆ ಕೊಡುತ್ತೇವೆ. ವಿಕ್ರೋಲಿಯಲ್ಲಿ ನಿಂತವಳಿಗೆ ನಾಲ್ಕು ಬಿದ್ದರೆ, ‘ನಾನು ವಿಕ್ರೋಲಿಯಿಂದ ಮುಲುಂಡಿಗೆ ಹೋಗುತ್ತೇನೆ’ ಎಂದು ಹೇಳಿದ ಮೇಲೆಯೇ ಕಾಯಿ ನಡೆಸಬೇಕು. ತಪ್ಪಿದರೆ ಜೊತೆಗಾರರು ತಿದ್ದುವವರೆಗೆ ಕಾಯಿ ಅಲ್ಲೇ ಇರುತ್ತದೆ. ಡೊಂಬಿವಲಿಗೆ, ಮುಲುಂಡಿಗೆ, ಕಲ್ಯಾಣಕ್ಕೆ ಎಂಬ ಮೂರು ರೂಪಗಳು ಪದದ ಕೊನೆಯ ಸ್ವರವನ್ನು ಅನುಸರಿಸಿ ಬರುತ್ತವೆ ಎಂಬುದನ್ನು ನಾವು ಹೇಳುವ ಮೊದಲೇ ಕೆಲವರು ಕಂಡುಕೊಂಡರು. ‘ಕಲ್ಯಾಣಕ್ಕೆ ಹೋಗುವುದು, ಕಲ್ಯಾಣಿಗೆ ಕೊಡುವುದು’ ಎಂದು ಒಬ್ಬ ಹುಡುಗಿ ನಕ್ಕಳು. (ಕುರ್ಲಾಕ್ಕೆಯೋ ಕುರ್ಲಾಗೆಯೋ ಎಂಬ ವಿಷಯದಲ್ಲಿ ಶಿಕ್ಷಕರಲ್ಲೇ ಒಮ್ಮತವಿಲ್ಲವೆಂದು ಒಪ್ಪಿಕೊಳ್ಳುತ್ತೇನೆ.) ಪದಗಳ ಪುನರಾವರ್ತನೆಗೆ ಹೌಸಿ (ತಂಬೋಲಾ) ಆಟ ಸಾಕು: ಚೀಟಿಯಲ್ಲಿ ಪದವಿರುತ್ತದೆ, ಶಿಕ್ಷಕರು ಅದರ ಅರ್ಥವನ್ನಷ್ಟೇ ಕೂಗುತ್ತಾರೆ.

ಎಲ್ಲ ಆಟಗಳೂ ಒಳ್ಳೆಯವೆಂದು ನನ್ನ ವಾದವಲ್ಲ. ತಪ್ಪಿದವರು ‘ಔಟ್’ ಆಗುವ ಅಂತ್ಯಾಕ್ಷರಿಯಲ್ಲಿ, ಯಾರಿಗೆ ಅಭ್ಯಾಸ ಹೆಚ್ಚು ಬೇಕೋ ಅವರೇ ಮೊದಲು ಗೋಡೆಗೊರಗಿ ಕೂರುತ್ತಾರೆ. ಮೊದಲು ಕೈಯೆತ್ತಿದವರಿಗೆ ಅಂಕ ಕೊಡುವ ರಸಪ್ರಶ್ನೆಯಲ್ಲಿ ಪ್ರತಿ ವಾರ ಅದೇ ಮೂವರು ಗೆಲ್ಲುತ್ತಾರೆ. ಹೊಸ ಪಾಠವನ್ನು ಆಟದಿಂದ ಆರಂಭಿಸುವುದನ್ನೂ ನಾವು ಕೈಬಿಟ್ಟಿದ್ದೇವೆ; ಕಲಿತದ್ದನ್ನು ನಾಲಿಗೆಗೆ ತರುವುದಕ್ಕೆ ಮಾತ್ರ ಅದು ಒದಗುತ್ತದೆ.

ಮುಂಬಯಿಯ ಕನ್ನಡ ಸಂಘಗಳಲ್ಲಿ ನನ್ನದೊಂದು ವಿನಂತಿ. ವಾರ್ಷಿಕೋತ್ಸವಗಳಲ್ಲಿ ದೇವನಾಗರಿಯಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದ ಭಾಷಣಕ್ಕೆ ಬಹುಮಾನ ಕೊಡುತ್ತಲೇ ಇದ್ದೇವೆ. ಈ ಸಲ ಕಂಠಪಾಠದ ಜೊತೆಗೆ ಇಂಥ ಆಟವೊಂದನ್ನೂ ಸ್ಪರ್ಧೆಯಾಗಿ ಇಡಬೇಕು. ಅದಕ್ಕೆ ತಗಲುವುದು ಒಂದು ಡಬ್ಬಿ ಸೀಮೆಸುಣ್ಣದ ಖರ್ಚು. ಕವಡೆಗಳನ್ನು ನಮ್ಮ ತರಗತಿಯಿಂದಲೇ ತಂದುಕೊಡುತ್ತೇವೆ.

– ಕನ್ನಡ ತರಗತಿಯ ಶಿಕ್ಷಕಿ, ಡೊಂಬಿವಲಿ