ವಿಚ್ಛೇದನದ ಖರ್ಚು: ಗಡಿನಾಡಿನವರಿಗೆ ಗೊತ್ತಿರಬೇಕಾದ ಲೆಕ್ಕ

ಮಾನ್ಯ ಸಂಪಾದಕರೇ,

ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕ, ಪೆರ್ಲ ಕಡೆಯ ಕನ್ನಡ ಮನೆಗಳಲ್ಲಿ ಡೈವೋರ್ಸ್ ವಿಷಯ ಬಂದರೆ ಎರಡು ಮಾತು ಕೇಳಿಬರುತ್ತವೆ. "ಅದಕ್ಕೆ ಲಕ್ಷಗಟ್ಟಲೆ ಬೇಕು" ಎಂಬುದು ಒಂದು. "ಕೋರ್ಟಿಗೆ ಹೋದರೆ ಮುಗಿಯುವುದೇ ಇಲ್ಲ" ಎಂಬುದು ಇನ್ನೊಂದು. ಇದಕ್ಕೆ ಹೆದರಿ ಎಷ್ಟೋ ಹೆಣ್ಣುಮಕ್ಕಳು ವರ್ಷಗಟ್ಟಲೆ ತವರಿನಲ್ಲಿ ಕೂತಿದ್ದಾರೆ. ಸಂಸಾರವೂ ಇಲ್ಲ, ಬಿಡುಗಡೆಯೂ ಇಲ್ಲ. ಗಂಡಸರಲ್ಲೂ ಇಂಥವರಿದ್ದಾರೆ. ನನ್ನ ತಮ್ಮನ ಮಗಳ ಕೇಸು ನಡೆಯುವಾಗ ಕಾಸರಗೋಡಿನ ವಿದ್ಯಾನಗರದ ಕೋರ್ಟಿಗೆ ಅವಳ ಜೊತೆ ಹೋಗುತ್ತಿದ್ದವಳು ನಾನು. ಆಗ ಕೇಳಿ ತಿಳಿದುಕೊಂಡದ್ದು ಇನ್ನೊಬ್ಬರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ. ಖರ್ಚು ಇದ್ದೇ ಇದೆ. ಆದರೆ ಅದರಲ್ಲಿ ದೊಡ್ಡ ಪಾಲು, ಸರಿಯಾಗಿ ಹೇಳುವವರಿಲ್ಲದೆ ಸುಮ್ನೆ ಹೋಗುವ ದುಡ್ಡು.

ಮೊದಲು ಕೋರ್ಟು ಫೀಸಿನ ವಿಷಯ. ಬರೀ ವಿಚ್ಛೇದನ ಕೇಳುವ ಅರ್ಜಿಗೆ ಅದು ಸಣ್ಣ ಮೊತ್ತ. ಏರುವುದು ಬಂಗಾರ, ಹಣ, ಆಸ್ತಿ ವಾಪಸು ಕೇಳುವಾಗ. ಕೇರಳದ ಕುಟುಂಬ ನ್ಯಾಯಾಲಯಗಳಲ್ಲಿ ಹಿಂದೆ ಇಂಥ ಕೇಸಿಗೂ 50 ರೂಪಾಯಿ ಸಾಕಾಗುತ್ತಿತ್ತು. 2024ರ ರಾಜ್ಯ ಬಜೆಟ್‌ನಲ್ಲಿ ಇದು ಬದಲಾಯಿತು. ಕೇಳುವ ಮೊತ್ತ 1 ಲಕ್ಷದೊಳಗಿದ್ದರೆ 200 ರೂಪಾಯಿ. 1 ಲಕ್ಷದಿಂದ 5 ಲಕ್ಷದವರೆಗೆ ಶೇಕಡಾ ಅರ್ಧ. 5 ಲಕ್ಷ ದಾಟಿದರೆ ಶೇಕಡಾ 1, ಹೆಚ್ಚೆಂದರೆ 2 ಲಕ್ಷ. ಈಗಿನ ಬಂಗಾರದ ಬೆಲೆಯಲ್ಲಿ ಇಪ್ಪತ್ತು ಪವನು (160 ಗ್ರಾಂ) ಎಂದರೆ 5 ಲಕ್ಷ ಯಾವತ್ತೋ ದಾಟಿ ಹೋಗಿದೆ ಅಲ್ವಾ? 10 ಲಕ್ಷದ ಬಂಗಾರ ಕೇಳಲು 10,000 ರೂಪಾಯಿ ಬೇಕು. ಮೈಮೇಲಿನ ಬಂಗಾರ ಗಂಡನ ಮನೆಯಲ್ಲೇ ಉಳಿದು ಬರಿಗೈಯಲ್ಲಿ ಬಂದವಳು ಅದನ್ನು ಕೇಳುವುದಕ್ಕೂ ದುಡ್ಡು ಹೊಂದಿಸಬೇಕು ಎಂಬುದು ನನಗೆ ನ್ಯಾಯವಾಗಿ ಕಾಣುವುದಿಲ್ಲ. ನಮ್ಮ ಶಾಸಕರು ಇದರ ಬಗ್ಗೆ ಮಾತಾಡಬೇಕು.

ಆದರೆ ಇಲ್ಲಿಯೇ ಒಂದು ದಾರಿಯೂ ಇದೆ. ಕಾನೂನು ಸೇವಾ ಪ್ರಾಧಿಕಾರ ಕಾಯ್ದೆ ಬಂದದ್ದು 1987ರಲ್ಲಿ. ಅದರ 12ನೇ ಸೆಕ್ಷನ್ ಪ್ರಕಾರ ಹೆಂಗಸರಿಗೆ ಉಚಿತ ಕಾನೂನು ನೆರವು ಸಿಗುತ್ತದೆ, ಅವರ ವರಮಾನ ಎಷ್ಟೇ ಇರಲಿ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಕೂಡ ಹಾಗೆಯೇ. ಉಳಿದ ಹೆಚ್ಚಿನ ಗಂಡಸರಿಗೆ ವರಮಾನದ ಮಿತಿ ಇದೆ. "ನನಗೆ ಕೆಲಸ ಇದೆ, ಅಪ್ಪನಿಗೆ ತೋಟ ಇದೆ, ನಮಗೆಲ್ಲ ಲೀಗಲ್ ಏಡ್ ಕೊಡುತ್ತಾರಾ?" ಎಂದು ಹೆಣ್ಣುಮಕ್ಕಳು ಹಿಂಜರಿಯುವುದನ್ನು ನಾನು ಕೇಳಿದ್ದೇನೆ. ಕೊಡುತ್ತಾರೆ, ಅದು ಹಕ್ಕು. ಬರೀ ವಕೀಲರನ್ನು ಕೊಟ್ಟು ಕೈ ಬಿಡುವುದಲ್ಲ. ಕೋರ್ಟು ಫೀಸು, ನೋಟಿಸು ಕಳಿಸುವ ಖರ್ಚು, ಆದೇಶದ ಪ್ರತಿ, ದಾಖಲೆಗಳ ಅನುವಾದ ಎಲ್ಲವೂ ಅದರಲ್ಲಿ ಸೇರುತ್ತದೆ. ಅನುವಾದದ ಮಾತನ್ನು ನಮ್ಮವರು ಗಮನಿಸಬೇಕು. ಗಡಿಯಾಚೆ ಮದುವೆಯಾದವರ ಮದುವೆ ಸರ್ಟಿಫಿಕೇಟು, ಪಹಣಿ, ಕರಾರು ಪತ್ರ ಇರುವುದು ಕನ್ನಡದಲ್ಲಿ. ಅದನ್ನು ಇಂಗ್ಲಿಷಿಗೋ ಮಲಯಾಳಕ್ಕೋ ಮಾಡಿಸಲು ಪುಟಕ್ಕೆ ಇಷ್ಟು ಎಂದು ಕೊಡುತ್ತಾ ಹೋದರೆ ಕೈ ಸುಡುತ್ತದೆ. ನೆರವಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು. ಇಲ್ಲವೇ 15100ಕ್ಕೆ ಫೋನ್ ಮಾಡಬಹುದು.

ಸ್ವಂತ ವಕೀಲರನ್ನೇ ಇಡುವುದಾದರೆ ನಾಚಿಕೆ ಬಿಟ್ಟು ಮಾತಾಡಬೇಕು. ನಮ್ಮ ಕಡೆಯವರು ಅಡಿಕೆ ವ್ಯಾಪಾರದಲ್ಲಿ ಕಿಲೋಗೆ ಒಂದು ರೂಪಾಯಿಗೂ ಚರ್ಚೆ ಮಾಡುತ್ತಾರೆ, ವಕೀಲರ ಮುಂದೆ ಕೂತಾಗ ಮಾತೇ ಬರುವುದಿಲ್ಲ. ಪೂರ್ತಿ ಕೇಸಿಗೆ ಎಷ್ಟು, ಅಥವಾ ಪ್ರತಿ ವಾಯಿದೆಗೆ, ಅಂದರೆ ಕೇಸು ಕರೆಯುವ ದಿನಕ್ಕೆ, ಎಷ್ಟು? ಟೈಪಿಂಗ್, ಜೆರಾಕ್ಸ್, ಗುಮಾಸ್ತರ ಖರ್ಚು ಅದರಲ್ಲಿ ಸೇರಿದೆಯಾ? ಜೀವನಾಂಶದ ಅರ್ಜಿಗೆ ಬೇರೆ ಫೀಸು ಇದೆಯಾ? ಇಷ್ಟನ್ನು ಕೇಳಿ, ಒಂದು ಕಾಗದದಲ್ಲಿ ಬರೆಸಿಕೊಳ್ಳಬೇಕು. ಕೊಟ್ಟ ದುಡ್ಡಿಗೆ ರಶೀದಿ ಕೇಳಬೇಕು. ಒಳ್ಳೆಯ ವಕೀಲರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ನಮಗೆ ಸಿಕ್ಕಿದವರು ತಾವಾಗಿಯೇ ಬರೆದು ಕೊಟ್ಟರು. ಇನ್ನು, "ನಿಮಗೆ ಸಿಗುವ ದುಡ್ಡಿನಲ್ಲಿ ನನಗೆ ಶೇಕಡಾ ಇಷ್ಟು ಕೊಡಿ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಬಾರ್ ಕೌನ್ಸಿಲ್ ನಿಯಮದ ಪ್ರಕಾರ ವಕೀಲರು ಹಾಗೆ ಪಾಲು ಕೇಳುವಂತಿಲ್ಲ. ಫೀಸು ಬಾಕಿ ಇದೆ ಎಂದು ಕಕ್ಷಿದಾರರ ಫೈಲನ್ನು ಹಿಡಿದಿಟ್ಟುಕೊಳ್ಳುವಂತೆಯೂ ಇಲ್ಲ, ಇದನ್ನು ಸುಪ್ರೀಂ ಕೋರ್ಟು 2000ದಲ್ಲೇ ಹೇಳಿದೆ. ಕುಟುಂಬ ನ್ಯಾಯಾಲಯದಲ್ಲಿ ವಕೀಲರಿಲ್ಲದೆ ತಾವೇ ನಿಂತು ಮಾತಾಡುವುದಕ್ಕೂ ಅವಕಾಶವಿದೆ. ಜಗಳವಿಲ್ಲದ ಕೇಸಿಗೆ ಇದು ಆದೀತು. ಮಕ್ಕಳು, ಆಸ್ತಿ ಎಂದು ತಕರಾರಿದ್ದರೆ ವಕೀಲರು ಬೇಕೇ ಬೇಕು ಎಂಬುದು ನನ್ನ ಅಭಿಪ್ರಾಯ.

ಗಡಿನಾಡಿನವರಿಗೆ ಮಾತ್ರ ಬರುವ ಒಂದು ಖರ್ಚಿದೆ. ನಮ್ಮ ಸಂಬಂಧಗಳೆಲ್ಲ ಗಡಿ ದಾಟಿಯೇ ಆಗುವುದು. ಹುಡುಗಿ ನೀರ್ಚಾಲಿನವಳು, ಹುಡುಗ ಪುತ್ತೂರಿನವನೋ ಮಂಗಳೂರಿನವನೋ. ನೆಂಟಸ್ತನಕ್ಕೆ ರಾಜ್ಯದ ಗಡಿಯ ತಲಪಾಡಿ ಗೇಟು ಅಡ್ಡ ಬರುವುದಿಲ್ಲ, ಕೇಸಿಗೆ ಬರುತ್ತದೆ. ನಮ್ಮ ಹುಡುಗಿಯ ಗಂಡ ಮಂಗಳೂರಿನಲ್ಲಿ ಅರ್ಜಿ ಹಾಕಿದ್ದ. ಅವಳು ಹೊಲಿಗೆ ಅಂಗಡಿಯಲ್ಲಿ ದಿನಗೂಲಿಗೆ ಕೆಲಸ ಮಾಡುವವಳು. ಒಂದು ವಾಯಿದೆಗೆ ಹೋದರೆ ಆ ದಿನದ ಕೂಲಿ ಹೋಯಿತು, ಬಸ್ಸಿನ ಖರ್ಚು, ಜೊತೆಗೆ ಬಂದ ಅಪ್ಪನ ಕೂಲಿಯೂ ಹೋಯಿತು. ಹೋದ ಮೇಲೆ "ಮುಂದಿನ ತಿಂಗಳು ಬನ್ನಿ" ಎಂದರೆ ಮುಗಿಯಿತು. ಕೇಸನ್ನು ಕಾಸರಗೋಡಿಗೆ ತರೋಣ ಎಂದರೆ ಮಂಗಳೂರು ಕರ್ನಾಟಕ ಹೈಕೋರ್ಟಿನ ಕೆಳಗೆ, ಕಾಸರಗೋಡು ಕೇರಳ ಹೈಕೋರ್ಟಿನ ಕೆಳಗೆ. ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಕೇಸು ವರ್ಗ ಮಾಡಿಸಲು ಸುಪ್ರೀಂ ಕೋರ್ಟಿಗೇ ಹೋಗಬೇಕು. ಒಂದೂವರೆ ಗಂಟೆಯ ದಾರಿಗೆ ದೆಹಲಿಯಿಂದ ಆದೇಶ ತರಬೇಕು! ಆ ಖರ್ಚು ಕೇಳಿಯೇ ನನ್ನ ತಮ್ಮನ ಮುಖ ಬಾಡಿತು.

ಇದಕ್ಕೆ ಸುಲಭದ ದಾರಿ, ಆದಷ್ಟು ಬೇಗ ವಿಚಾರಿಸಿ ಮೊದಲೇ ಇಲ್ಲಿ ಅರ್ಜಿ ಹಾಕುವುದು. ಹಿಂದೂ ವಿವಾಹ ಕಾಯ್ದೆಗೆ 2003ರಲ್ಲಿ ತಂದ ತಿದ್ದುಪಡಿಯಿಂದ ಹೆಂಡತಿ ತಾನು ಈಗ ವಾಸ ಇರುವ ಊರಿನ ಕೋರ್ಟಿನಲ್ಲೇ ಅರ್ಜಿ ಹಾಕಬಹುದು. ಗಂಡ ಆಚೆ ಹಾಕಿಯಾಗಿದ್ದರೆ ಓಡಾಟದ ಖರ್ಚನ್ನು ಅವನಿಂದಲೇ ಕೇಳಬಹುದು. ಅದೇ ಕಾಯ್ದೆಯ 24ನೇ ಸೆಕ್ಷನ್ ಅದಕ್ಕಾಗಿಯೇ ಇರುವುದು. ಕೇಸು ನಡೆಯುವಷ್ಟು ದಿನ ಜೀವನಾಂಶ ಮತ್ತು ಕೇಸಿನ ಖರ್ಚು ಎರಡನ್ನೂ ಕೊಡಿಸಲು ಕೋರ್ಟಿಗೆ ಅಧಿಕಾರವಿದೆ. ವರಮಾನವಿಲ್ಲದ ಗಂಡನೂ ಕೇಳಬಹುದು. ನೋಟಿಸು ಮುಟ್ಟಿದ 60 ದಿನದೊಳಗೆ, ಆದಷ್ಟು ಮಟ್ಟಿಗೆ, ಇದನ್ನು ತೀರ್ಮಾನಿಸಬೇಕೆಂದು ಕಾನೂನೇ ಹೇಳುತ್ತದೆ. ಹಾಗೆಂದು ಅರ್ಜಿ ಹಾಕಿ ಸುಮ್ಮನೆ ಕೂತರೆ ಆಗದು. 2020ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನ ಪ್ರಕಾರ ಇಬ್ಬರೂ ತಮ್ಮ ವರಮಾನ, ಆಸ್ತಿ, ಸಾಲದ ವಿವರವನ್ನು ಅಫಿಡವಿಟ್ ಮಾಡಿ ಕೊಡಬೇಕು. ಸಂಬಳದ ಚೀಟಿ, ಪಾಸ್‌ಬುಕ್ಕು, ಭೂಕಂದಾಯದ ರಶೀದಿ, ಮಗುವಿನ ಶಾಲೆ ಫೀಸಿನ ರಶೀದಿ, ಬಂಗಾರದ ಅಂಗಡಿಯ ಬಿಲ್ಲು, ಮದುವೆಯ ಫೋಟೊ, ಇವನ್ನು ಮೊದಲೇ ಒಂದು ಫೈಲಿನಲ್ಲಿ ಇಟ್ಟುಕೊಂಡವರಿಗೆ ಎಷ್ಟೋ ವಾಯಿದೆ ಉಳಿಯುತ್ತದೆ. ವಾಯಿದೆ ಯಾವತ್ತು ಎಂದು ತಿಳಿಯಲು ಬಸ್ಸು ಹತ್ತಬೇಕಾಗಿಲ್ಲ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ದುಡ್ಡಿಲ್ಲದೆ ನೋಡಬಹುದು.

ನಮ್ಮ ಹುಡುಗಿಯ ಕೇಸು ಕೊನೆಗೆ ಮುಗಿದದ್ದು ಮಾತುಕತೆಯಲ್ಲಿ. ಗಂಡ ಮಂಗಳೂರಿನ ಅರ್ಜಿ ಹಿಂದೆಗೆದುಕೊಂಡ. ಇಬ್ಬರೂ ಒಪ್ಪಿ ಇಲ್ಲಿ ಒಟ್ಟಿಗೆ ಅರ್ಜಿ ಹಾಕಿದರು. ಎಲ್ಲಕ್ಕಿಂತ ಕಡಿಮೆ ಖರ್ಚು ಆಗುವುದು ಇದರಲ್ಲೇ. ಒಂದು ವರ್ಷ ಬೇರೆ ಇದ್ದಿರಬೇಕು. ಅರ್ಜಿ ಹಾಕಿ ಆರು ತಿಂಗಳ ನಂತರ ಮತ್ತೆ ಬಂದು ಒಪ್ಪಿಗೆ ಹೇಳಬೇಕು. ಬೇರೆಯಾಗಿ ಬಹಳ ಕಾಲವಾಗಿದ್ದು, ಜೀವನಾಂಶ, ಮಕ್ಕಳ ವಿಷಯವೆಲ್ಲ ತೀರ್ಮಾನವಾಗಿದ್ದರೆ ಆ ಆರು ತಿಂಗಳನ್ನು ಕೋರ್ಟು ಬಿಟ್ಟುಕೊಡಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಮುಸ್ಲಿಂ, ಕ್ರೈಸ್ತ ಮನೆಗಳವರಿಗೆ ಕಾನೂನು ಬೇರೆ. ಆದರೆ ಲೀಗಲ್ ಏಡಿನ ನಿಯಮ ಎಲ್ಲರಿಗೂ ಒಂದೇ.

ಹೊಡೆತ ತಿಂದವಳಿಗೆ "ಖರ್ಚು ಕಡಿಮೆ, ಒಪ್ಪಿಕೊಂಡು ಮುಗಿಸು" ಎಂದು ಯಾರೂ ಹೇಳಬಾರದು. ಅಲ್ಲಿ ಮೊದಲು ರಕ್ಷಣೆ, ದುಡ್ಡಿನ ಮಾತು ಆಮೇಲೆ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿದರೆ ಸಹಾಯ ಸಿಗುತ್ತದೆ. ಆದರೆ ಬರೀ ಹಟಕ್ಕೆ, "ಅವನನ್ನು ಕೋರ್ಟಿಗೆ ಎಳೆದಾಡಿಸುತ್ತೇನೆ" ಎಂದು ಒಂದರ ಮೇಲೊಂದು ಕೇಸು ಹಾಕುವವರೂ ಇದ್ದಾರೆ. ಪ್ರತಿಯೊಂದಕ್ಕೂ ಬೇರೆ ಫೀಸು, ಬೇರೆ ವಾಯಿದೆ. ಮಗನ ಪರವಾಗಿಯೋ ಮಗಳ ಪರವಾಗಿಯೋ ಹಟ ಹಿಡಿಯುವ ಹಿರಿಯರು ಇದನ್ನು ಯೋಚಿಸಬೇಕು.

ಇನ್ನೊಂದು ವಿಷಯ ಹೇಳಲೇಬೇಕು. ಊರಿನ ನಾಲ್ಕು ಜನ ಕೂತು ಸ್ಟಾಂಪ್ ಪೇಪರಿನಲ್ಲಿ ಬರೆಸಿ ಇಬ್ಬರ ಸಹಿ ಹಾಕಿಸಿ "ಆಯಿತು, ಬಿಡುಗಡೆ" ಎನ್ನುವ ಪದ್ಧತಿ ಇನ್ನೂ ನಿಂತಿಲ್ಲ. ಮಾತುಕತೆ ಮಾಡಿಸುವುದು ಒಳ್ಳೆಯದೇ. ಆದರೆ ಆ ಕಾಗದದಿಂದ ವಿಚ್ಛೇದನ ಆಗುವುದಿಲ್ಲ. ಜಾತಿಯ ಕಟ್ಟುಕಟ್ಟಳೆಯಲ್ಲಿ ಅಂಥ ರೂಢಿ ಇದೆ ಎಂದು ಕೋರ್ಟಿನಲ್ಲಿ ರುಜುವಾತು ಮಾಡಿದರೆ ಮಾತ್ರ ಬೇರೆ ಮಾತು, ಅದು ಸುಲಭವಲ್ಲ. ಹತ್ತು ವರ್ಷ ಕಳೆದು ಎರಡನೇ ಮದುವೆ ನೋಂದಣಿ ಮಾಡುವಾಗ, ಪಾಸ್‌ಪೋರ್ಟಿನಲ್ಲಿ ಹೆಸರು ಬದಲಿಸುವಾಗ, ಗಂಡ ತೀರಿಕೊಂಡ ಮೇಲೆ ಪೆನ್ಶನ್ ಯಾರಿಗೆ ಎನ್ನುವಾಗ ಆ ಕಾಗದ ಉಪಯೋಗಕ್ಕೆ ಬರುವುದಿಲ್ಲ. ಆಗ ಕೋರ್ಟಿಗೆ ಹೋದರೆ ಖರ್ಚು ಇಮ್ಮಡಿ. ಇಬ್ಬರೂ ಸಹಿ ಹಾಕಲು ತಯಾರಿದ್ದಾರೆ ಎಂದಾದರೆ ಅದೇ ಸಹಿಯನ್ನು ಕೋರ್ಟಿನ ಒಪ್ಪಿಗೆಯ ಅರ್ಜಿಗೆ ಹಾಕಿಸಿ.

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದವರಲ್ಲಿ ಮತ್ತು ಮಂಜೇಶ್ವರ, ಕಾಸರಗೋಡು ತಾಲೂಕಿನ ಪಂಚಾಯತ್‌ಗಳಲ್ಲಿ ನನ್ನದೊಂದು ವಿನಂತಿ. ಈ ವಿವರಗಳನ್ನೆಲ್ಲ ಕನ್ನಡದಲ್ಲಿ ಎರಡು ಪುಟದಲ್ಲಿ ಅಚ್ಚು ಹಾಕಿಸಿ. ಪಂಚಾಯತ್ ಕಚೇರಿ, ಅಂಗನವಾಡಿ, ಗ್ರಂಥಾಲಯ, ಕುಟುಂಬಶ್ರೀ ಮಹಿಳಾ ಸಂಘಗಳ ಸಭೆಗಳಲ್ಲಿ ಹಂಚಿ. ಹೆಂಗಸರ ದೂರು ಕೇಳುವ ಪಂಚಾಯತ್‌ಗಳ ಜಾಗ್ರತಾ ಸಮಿತಿಯಲ್ಲಿ ಕನ್ನಡ ಬಲ್ಲ ಒಬ್ಬ ಹೆಂಗಸು ಇರುವಂತೆ ನೋಡಿಕೊಳ್ಳಿ. ಮನೆಯ ಸಂಕಟವನ್ನು ಅರೆಬರೆ ಬರುವ ಭಾಷೆಯಲ್ಲಿ ಹೇಳುವುದು ಬಹಳ ಕಷ್ಟ, ಅರ್ಧ ಮಾತು ಗಂಟಲಲ್ಲೇ ಉಳಿಯುತ್ತದೆ. ಹೀಗೆ ಬಿಟ್ಟುಹೋದ ಒಂದು ಮಾತು ಅರ್ಜಿಯಲ್ಲಿ ಬರದಿದ್ದರೆ ಆಮೇಲೆ ತಿದ್ದುಪಡಿಗೆ ಮತ್ತೊಂದು ಅರ್ಜಿ, ಮತ್ತೊಂದು ವಾಯಿದೆ. ಕಾನೂನು ಓದಿದ ನಮ್ಮ ಊರಿನ ಹುಡುಗ ಹುಡುಗಿಯರು ಸ್ವಯಂಸೇವಕರಾಗಿ ತಿಂಗಳಿಗೊಂದು ದಿನ ಬದಿಯಡ್ಕ, ಕುಂಬಳೆ, ಉಪ್ಪಳದಲ್ಲಿ ಕೂತು ಕನ್ನಡ, ತುಳುವಿನಲ್ಲಿ ಜನರ ಮಾತು ಕೇಳಿ ಬರೆದುಕೊಂಡರೂ ಸಾಕು. ಅವರಿಗೆ ಕೂರಲು ಜಾಗ ಮಾಡಿಕೊಡುವ ಕೆಲಸಕ್ಕೆ ನಾನು ಮತ್ತು ನನ್ನ ಜೊತೆಗಿನ ನಿವೃತ್ತ ಶಿಕ್ಷಕಿಯರು ತಯಾರಿದ್ದೇವೆ.

ಇತಿ,
ನಿವೃತ್ತ ಕನ್ನಡ ಶಿಕ್ಷಕಿ,
ನೀರ್ಚಾಲು