ಮೊಳೆಯದ ಕಾಳನ್ನೂ ತೋರಿಸಿದ ಶಾಲೆಗೆ

ಪ್ರಾಥಮಿಕ ಶಾಲಾ ಶಿಕ್ಷಕರ ತರಬೇತಿಯಾದ ಡಿ.ಎಲ್.ಇಡಿ. ಮೊದಲ ವರ್ಷದ ಶಾಲಾ ವೀಕ್ಷಣೆ ಮುಗಿಯಿತು. ಮುಖ್ಯ ಶಿಕ್ಷಕರಿಗೆ, ನಾಲ್ಕನೇ ತರಗತಿಗೆ ಪರಿಸರ ಅಧ್ಯಯನ ತೆಗೆದುಕೊಳ್ಳುವ ಮೇಡಂ ಅವರಿಗೆ, ಚಿಕ್ಕ ಮಕ್ಕಳಿಗೆ ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಶಿಕ್ಷಕರಿಗೆ, ಬಿಸಿಯೂಟದ ಅಕ್ಕಂದಿರಿಗೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಿಗೆ ನಮ್ಮ ಇಡೀ ತಂಡದ ನಮಸ್ಕಾರ. ಯಾವುದಕ್ಕೆ ಕೃತಜ್ಞತೆ ಎಂದು ಬಿಡಿಸಿ ಬರೆದರೆ ಮುಂದಿನ ವರ್ಷ ಬರುವವರಿಗೂ ಅನುಕೂಲ ಎಂದು ಇಷ್ಟು ಉದ್ದದ ಪತ್ರ.

ಎಲ್ಲಕ್ಕಿಂತ ದೊಡ್ಡ ಋಣ ಹೆಸರುಕಾಳಿನ ಪಾಠದ್ದು. 'ಬೀಜ ಮೊಳೆಯಲು ಬೆಳಕು ಬೇಕೇ?' ಎಂಬ ಪ್ರಶ್ನೆ ಮಕ್ಕಳದೇ. ನಾಲ್ಕು ಲೋಟ, ಒಂದೊಂದರಲ್ಲಿ ಹತ್ತು ಕಾಳು. ಮೊದಲನೆಯದರಲ್ಲಿ ಒಣ ಹತ್ತಿ. ಎರಡನೆಯದು ಒದ್ದೆ ಹತ್ತಿ ಹಾಕಿ ಕಿಟಕಿಯ ಬಳಿ, ಮೂರನೆಯದು ಒದ್ದೆ ಹತ್ತಿಯೊಂದಿಗೆ ರಟ್ಟಿನ ಡಬ್ಬಿಯೊಳಗೆ. ನಾಲ್ಕನೆಯದರಲ್ಲಿ ಕುದಿಸಿ ಆರಿಸಿದ ನೀರು, ಕಾಳು ಪೂರ್ತಿ ಮುಳುಗಿದ ಮೇಲೆ ತೆಳುವಾಗಿ ಎಣ್ಣೆ. ಕುದಿಸಿದಾಗ ನೀರಿನಲ್ಲಿ ಕರಗಿದ್ದ ಗಾಳಿ ಹೊರಹೋಗುತ್ತದೆ, ಎಣ್ಣೆ ಮತ್ತೆ ಒಳಬರದಂತೆ ತಡೆಯುತ್ತದೆ. ಹತ್ತಿಗೆ ಎರಡು ಚಮಚ ನೀರು, ಅಷ್ಟೇ, ಒತ್ತಿದರೆ ತೊಟ್ಟಿಕ್ಕಬಾರದು. ಹೆಚ್ಚಾದರೆ ಕಾಳು ಕೊಳೆತು ವಾಸನೆ ಬರುತ್ತದೆ, ಮಕ್ಕಳು 'ಬೀಜ ಕೆಟ್ಟದ್ದು' ಎಂದು ತಪ್ಪು ತೀರ್ಮಾನಕ್ಕೆ ಬರುತ್ತಾರೆ. ಕಾಳು ಅಡುಗೆಮನೆಯದೇ ಆಗಬೇಕು: ಬಿತ್ತನೆ ಬೀಜಕ್ಕೆ ಔಷಧಿ ಲೇಪಿಸಿರುತ್ತಾರೆ, ಮಕ್ಕಳು ಕೈ ಬಾಯಿಗೆ ಹಾಕುತ್ತಾರೆ. ಪ್ರಯೋಗ ಸೋಮವಾರವೇ ಶುರು. ಶುಕ್ರವಾರ ಇಟ್ಟರೆ ಭಾನುವಾರ ಹತ್ತಿ ಒಣಗಿ ಎಲ್ಲವೂ ಹಾಳು.

ಇಷ್ಟನ್ನು ಯಾವ ಕೈಪಿಡಿಯಾದರೂ ಹೇಳೀತು. ಹೇಳದ ಭಾಗ ಆಮೇಲಿನದು. ಕತ್ತಲೆಯ ಡಬ್ಬಿಯನ್ನು ಒಂದು ಗುಂಪು ಅಡುಗೆಕೋಣೆಯ ಮೂಲೆಯಲ್ಲಿಟ್ಟಿತ್ತು. ಅಲ್ಲಿಯ ಕಾಳು ಎಲ್ಲರಿಗಿಂತ ಮೊದಲು ಬಾಲ ಬಿಟ್ಟಿತು. 'ಕತ್ತಲೆಯಲ್ಲಿ ಬೇಗ ಮೊಳೆಯುತ್ತೆ' ಎಂದು ತರಗತಿ ಒಕ್ಕೊರಲಿನಿಂದ ಕೂಗಿದಾಗ ಒಬ್ಬ ಹುಡುಗಿ ಎದ್ದು, 'ಕತ್ತಲೆಗಾ, ಒಲೆ ಬಿಸಿಗಾ ಮಿಸ್?' ಎಂದಳು. ಎರಡು ಸಂಗತಿ ಒಟ್ಟಿಗೆ ಬದಲಾದರೆ ಯಾವುದರಿಂದ ಏನಾಯಿತು ಎಂದು ಹೇಳಲಾಗದು. ಅದನ್ನು ಮೇಡಂ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಬಹುದಿತ್ತು. ಹೇಳಲಿಲ್ಲ. 'ಹೇಗೆ ಗೊತ್ತು ಮಾಡ್ಕೊಳ್ಳೋಣ?' ಎಂದು ಸುಮ್ಮನೆ ನಿಂತರು. ಮರುದಿನ ಒಲೆಯ ಬಳಿ ಎರಡು ಲೋಟ, ಒಂದಕ್ಕೆ ಮುಚ್ಚಳ, ಇನ್ನೊಂದಕ್ಕೆ ಇಲ್ಲ. ಕೆಟ್ಟುಹೋದ ಪ್ರಯೋಗವನ್ನು ವೀಕ್ಷಕರ ಕಣ್ಣಿಂದ ಮರೆಮಾಡದೆ ಅದರ ಮೇಲೆಯೇ ಪಾಠ ಕಟ್ಟಿದ್ದಕ್ಕೆ ವಿಶೇಷ ಧನ್ಯವಾದ. ವೀಕ್ಷಕರು ಬಂದಾಗ ನೂರು ಸಲ ಅಭ್ಯಾಸ ಮಾಡಿಸಿದ ಪಾಠವನ್ನೇ ತೋರಿಸುವ ರೂಢಿ ನಮಗೆಲ್ಲ ಗೊತ್ತಿರುವುದೇ.

ಆ ಸುಮ್ಮನೆ ನಿಲ್ಲುವುದನ್ನು ಗಡಿಯಾರ ನೋಡಿ ಲೆಕ್ಕ ಹಾಕಲು ಬಿಟ್ಟಿರಿ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡೂ ಕಾಯುವುದಿಲ್ಲ, ಮೂರು ಸೆಕೆಂಡು ಕಾದರೆ ಉತ್ತರಗಳು ಉದ್ದವಾಗುತ್ತವೆ, ಹಿಂದೆ ಬಿದ್ದವರೂ ಬಾಯಿ ಬಿಡುತ್ತಾರೆ ಎಂದು ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಪುಸ್ತಕದಲ್ಲಿ ಓದಿದ ಆ ಮೂರು ಸೆಕೆಂಡು ತರಗತಿಯಲ್ಲಿ ಎಷ್ಟು ಉದ್ದವೆಂದು ಹಿಂದಿನ ಬೆಂಚಿನಲ್ಲಿ ಕೂತಾಗಲೇ ತಿಳಿಯುವುದು.

ನಾವು ಕೂರಬೇಕಾದ ಜಾಗ, ಬರೆಯಬೇಕಾದ ರೀತಿಯನ್ನೂ ಮೊದಲ ದಿನವೇ ತಿದ್ದಿದಿರಿ. ನಿಂತು ನೋಡಬೇಡಿ, ಮಕ್ಕಳ ಕಣ್ಣಿನ ಮಟ್ಟಕ್ಕೆ ಕೂತುಕೊಳ್ಳಿ. ಪುಟದ ನಡುವೆ ಗೆರೆ: ಎಡಕ್ಕೆ ಕಂಡದ್ದು, ಕೇಳಿದ್ದು, ಬಲಕ್ಕೆ ನಮ್ಮ ಊಹೆ. 'ಮಕ್ಕಳು ಖುಷಿಯಾಗಿದ್ದರು' ಎಂಬುದು ಎಡಕ್ಕೆ ಸೇರದು. 'ಐದು ನಿಮಿಷದಲ್ಲಿ ಮೂವರು ಲೋಟ ಎತ್ತಿ ಮೂಸಿದರು' ಸೇರುತ್ತದೆ. ಮಗು ಬಂದು 'ಇದು ಸರಿನಾ ಮಿಸ್?' ಎಂದರೆ ತಲೆಯಾಡಿಸಬಾರದು, 'ನಿನಗೇನನ್ನಿಸುತ್ತೆ?' ಎನ್ನಬೇಕು. ಎಲ್ಲಕ್ಕಿಂತ ಕಷ್ಟವಾದ ನಿಯಮ ಇದೇ.

ಮಕ್ಕಳ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಅಂಟಿಸುವ ಪ್ರಶ್ನೆ ಗೋಡೆಯನ್ನು ನಕಲು ಮಾಡಿಕೊಂಡಿದ್ದೇವೆ, ಮುಚ್ಚಿಡುವುದೇನಿದೆ. ಚೀಟಿಗಳು ಮೂರು ಸಾಲು: ಮಾಡಿ ನೋಡುವುದು, ಹಿರಿಯರನ್ನು ಕೇಳುವುದು, ಪುಸ್ತಕ ತೆರೆಯುವುದು. ಅಕ್ಷರದ ಆಕಾರ, ತಿಂಗಳ ಹೆಸರು ಇಂಥವನ್ನು ಅನ್ವೇಷಣೆಗೆ ಬಿಡದೆ ನೇರವಾಗಿ ಹೇಳಿಕೊಡುವುದನ್ನೂ ಕಂಡೆವು. ಎಲ್ಲವನ್ನೂ ಮಗುವೇ ಕಂಡುಹಿಡಿಯಲಿ ಎಂಬ ಹಟ ಈ ಶಾಲೆಯಲ್ಲಿಲ್ಲ, ಅದು ನಮಗೆ ಹಿಡಿಸಿತು.

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿಯಲ್ಲಿ ಮೂರು ವರ್ಷ ಕಲಿಕಾ ಏಣಿ (ಕಲಿಕೆಯ ಹಂತಗಳ ಪಟ್ಟಿ) ಹತ್ತಿ, ತಮ್ಮ ಕೆಲಸ ತೂಗುಹಾಕುವ ಚಪ್ಪರದ ಕೆಳಗೆ ಓಡಾಡಿದ ಮಕ್ಕಳು ನಾಲ್ಕನೇ ತರಗತಿಯಲ್ಲಿ ಬೆಂಚಿಗೆ ಅಂಟಿಕೊಳ್ಳುವುದು ಎಷ್ಟೋ ಶಾಲೆಗಳ ಕಥೆ. ಇಲ್ಲಿ ನಲವತ್ತು ನಿಮಿಷದ ಎರಡು ಅವಧಿಗಳನ್ನು ಕೂಡಿಸಿದ್ದರಿಂದ ಅದು ತಪ್ಪಿದೆ. ಒಂದೇ ಅವಧಿಯಲ್ಲಿ ಲೋಟ ಹಂಚುವಷ್ಟರಲ್ಲಿ ಗಂಟೆ ಬಾರಿಸುತ್ತದೆ, ಚರ್ಚೆಗೆ ಉಳಿಯುವುದಿಲ್ಲ. ವೇಳಾಪಟ್ಟಿ ತಿದ್ದಲು ಒಪ್ಪಿದ ಮುಖ್ಯ ಶಿಕ್ಷಕರ ಧೈರ್ಯಕ್ಕೆ ವಂದನೆ.

ಹೆಸರುಕಾಳು, ಎಣ್ಣೆ, ಖಾಲಿ ಮೊಟ್ಟೆ ಟ್ರೇ ಕೊಟ್ಟ ಅಡುಗೆಯ ಅಕ್ಕಂದಿರಿಗೆ ಇನ್ನೊಂದು ಸಲ ಧನ್ಯವಾದ. ಟ್ರೇಗಳನ್ನು ತೊಳೆಯಲು ಬರುವುದಿಲ್ಲ, ಒದ್ದೆಯಾದವು ಮೆತ್ತಗಾಗಿವೆ. ಬದಲಿಗೆ ಆರು ಪ್ಲಾಸ್ಟಿಕ್ ಟ್ರೇ ಕಚೇರಿಯಲ್ಲಿ ಇಟ್ಟಿದ್ದೇವೆ. ನಮ್ಮ ವೀಕ್ಷಣಾ ಪುಸ್ತಕಗಳ ಜೆರಾಕ್ಸ್ ಪ್ರತಿಯೂ ಅಲ್ಲೇ ಇದೆ. ಬಲಬದಿಯ ಊಹೆಗಳಲ್ಲಿ ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಿ ಕಳಿಸಿಕೊಡಿ.