ವಿಂಗಿನ ಮರೆಯಲ್ಲಿ ನಿಲ್ಲುವ ಮಗಳಿಗೆ

ದಾವಣಗೆರೆ
ಭಾನುವಾರ

ಪುಟ್ಟಿಗೆ ಆಶೀರ್ವಾದಗಳು.

ನಾಟಕದಲ್ಲಿ ರಾಣಿ ಪಾತ್ರ ಕೈತಪ್ಪಿತು, ಮಾತು ಮರೆತವರಿಗೆ ಎತ್ತಿಕೊಡೋ ಪ್ರಾಂಪ್ಟರ್ ಮಾಡಿಬಿಟ್ಟರು ಅಂತ ನೀನು ಅಳುತ್ತಲೇ ಫೋನಿಟ್ಟೆ. ಚಿತ್ರದುರ್ಗಕ್ಕೆ ಬಂದು ಮೇಷ್ಟ್ರ ಹತ್ತಿರ ಮಾತಾಡಿ ಅಂದೆಯಲ್ಲ, ಬರೋದಿಲ್ಲ. ಪಾತ್ರ ಹಂಚೋದು ನಿರ್ದೇಶಕರ ಕೆಲಸ, ಅಪ್ಪಂದಿರದ್ದಲ್ಲ. ರಂಗನಟಿ ಚಿಂದೋಡಿ ಲೀಲಾ ಅವರ ಕೆಬಿಆರ್ ಡ್ರಾಮಾ ಕಂಪನಿ ನಮ್ಮೂರಿನದೇ. ಅಂಥ ವೃತ್ತಿ ಕಂಪನಿಗಳಲ್ಲಿ ಮರೆಯಿಂದ ಮಾತು ಎತ್ತಿಕೊಡುವವರಿಗೆ ಇಡೀ ನಾಟಕವೇ ಗೊತ್ತಿರಬೇಕಿತ್ತು. ಈಗ ನಿನಗೂ ಅಷ್ಟೇ.

ನಾಟಕದ ಪ್ರತಿಯಲ್ಲಿ ಒಂದು ಮಗ್ಗುಲು ಖಾಲಿ ಬಿಟ್ಟುಕೋ. ಪೆನ್ಸಿಲ್‌ನಲ್ಲೇ ಬರಿ, ರಿಹರ್ಸಲ್‌ನಲ್ಲಿ ಎಲ್ಲಾ ಬದಲಾಗ್ತಿರುತ್ತೆ. ಯಾರು ಯಾವ ಮಾತಿಗೆ ಎಲ್ಲಿಂದ ಎಲ್ಲಿಗೆ ನಡೀತಾರೆ ಅನ್ನೋದೇ ಬ್ಲಾಕಿಂಗ್. ರಂಗದ ಬಲ, ಎಡ ಅಂದರೆ ಪ್ರೇಕ್ಷಕರ ಕಡೆ ಮುಖಮಾಡಿದ ನಟರ ಬಲ, ಎಡ. ಕೆಳಗೆ ಕೂತವರಿಗೆ ತಿರುವುಮುರುವು. ಗುರುತು ಹಾಕುವಾಗ ಎಲ್ಲರೂ ಎಡವೋದು ಇಲ್ಲೇ. ಪ್ರೇಕ್ಷಕರಿಗೆ ಹತ್ತಿರದ್ದು ಮುಂರಂಗ, ಹಿಂಪರದೆ ಕಡೆಯದ್ದು ಹಿಂರಂಗ. ಯಾವ ಮಾತು, ಸದ್ದು ಅಥವಾ ಬೆಳಕು ಮುಗಿದೊಡನೆ ಮುಂದಿನದು ಶುರುವಾಗಬೇಕೋ ಅದು ಕ್ಯೂ. ಅದಕ್ಕೆ ಅಡಿಗೆರೆ ಎಳಿ. ಎಂಟ್ರಿ ಇರುವವರನ್ನು ಅರ್ಧ ಪುಟ ಮುಂಚೆಯೇ ಎಚ್ಚರಿಸು. ವಿಂಗಿನಲ್ಲಿ, ಅಂದರೆ ರಂಗದ ಪಕ್ಕದ ಮರೆಯಲ್ಲಿ, ನಿಂತಾಗ ನಿನಗೆ ಪ್ರೇಕ್ಷಕರು ಕಂಡರೆ ಅವರಿಗೆ ನೀನೂ ಕಾಣ್ತೀಯ, ಹಿಂದಕ್ಕೆ ಸರಿ.

ಈಗ ನನಗೆ ನಿದ್ದೆಗೆಡಿಸಿರೋ ವಿಷಯ. ರಾಣಿ ಪಾತ್ರ ಸಿಕ್ಕ ಆ ಹುಡುಗಿ ಮಾತು ಮರೆತಳು ಅಂತಿಟ್ಕೋ. ನೀನು ಬೇಕಂತಲೇ ತಡಮಾಡೋಳಲ್ಲ, ಗೊತ್ತು. ಆದರೆ ‘ನೋಡೋಣ, ಜ್ಞಾಪಿಸಿಕೊಳ್ತಾಳೇನೋ’ ಅಂತ ಮನಸ್ಸು ಒಂದು ಗಳಿಗೆ ಆಚೀಚೆ ಆದರೂ ಸಾಕು, ಅವಳ ಮುಖ ಬಿಳಿಚಿಕೊಳ್ಳುತ್ತೆ. ಅವಸರ ಮಾಡಿದರೂ ಕೆಟ್ಟಿತು. ರಾಣಿಯ ಸ್ವಗತದಲ್ಲಿ, ಅಂದರೆ ಮನಸ್ಸಿನ ಮಾತನ್ನು ಪ್ರೇಕ್ಷಕರಿಗಷ್ಟೇ ಕೇಳಿಸುವಲ್ಲಿ, ಬೇಕಂತಲೇ ಇಟ್ಟ ಮೌನಗಳಿರುತ್ತವೆ. ರಿಹರ್ಸಲ್‌ನಲ್ಲೇ ಅವಕ್ಕೆಲ್ಲ ಓರೆಗೆರೆ ಹಾಕಿಟ್ಟುಕೋ. ಮೌನದಲ್ಲಿ ನಟಿಯ ಮೈ ಪಾತ್ರದಲ್ಲೇ ಇರುತ್ತೆ, ನೋಟ ಒಂದು ಕಡೆ ನೆಟ್ಟಿರುತ್ತೆ. ಮರೆತಾಗ ಕಣ್ಣು ಅಲೆದಾಡುತ್ತೆ, ಕೈ ಅರ್ಧಕ್ಕೇ ನಿಲ್ಲುತ್ತೆ. ಅದಕ್ಕೇ ಬೆರಳು ಪುಸ್ತಕದ ಸಾಲಿನ ಮೇಲಿರಲಿ, ಕಣ್ಣು ಆಗಾಗ ಅವಳ ಮೇಲೆ. ಕೊಡುವಾಗ ಸಾಲಿನ ಮೊದಲ ಎರಡು ಮೂರು ಪದ ಸಾಕು. ಪಿಸುಗುಟ್ಟಬೇಡ, ಪಿಸುಮಾತಿನಲ್ಲಿ ಉಸಿರೇ ಜಾಸ್ತಿ, ಅವಳಿಗೆ ಪದ ತಿಳಿಯಲ್ಲ, ಮುಂದಿನ ಸಾಲಿನವರಿಗೆ ಬುಸುಬುಸು ಕೇಳುತ್ತೆ. ತಗ್ಗಿದ ದನಿಯಲ್ಲಿ ಸ್ಪಷ್ಟವಾಗಿ ಹೇಳು. ಸಾಲು ಹಾರಿಸಿದರೆ ಹಿಂದಕ್ಕೆಳೆಯಬೇಡ, ಕಥೆಗೆ ಅದು ಬೇಕೇಬೇಕು ಅಂದರೆ ಮಾತ್ರ ಎಳಿ. ಪುಟವೇ ಹಾರಿದರೆ, ಯಾರ ಎಂಟ್ರಿ ಬೇಗ ಬಂತು ಅಂತ ನೋಡಿ ಮೊದಲು ಅವರಿಗೆ ಹೇಳು.

ಮತ್ತೆ ಅದೇ ಮಾತಿಗೆ ಬಂದೆ. ತಡಮಾಡಬೇಡ, ಪುಟ್ಟಿ. ಭಾಷಣ ಅನ್ನಿಸಿದರೆ ಬೇಜಾರಾಗಬೇಡ. ಮೂವತ್ತು ಪುಟ ಕಾಯೋದಕ್ಕೆ ಮೇಷ್ಟ್ರು ನಿನ್ನನ್ನೇ ಆರಿಸಿದರು ಅಂತ ನಾನು ಆಫೀಸಿನಲ್ಲಿ ಎಲ್ಲರಿಗೂ ಹೇಳಿದ್ದಾಗಿದೆ. ಪುಸ್ತಕ ಬಿಟ್ಟು ಆಡುವ ಮೊದಲ ದಿನವೇ ಆ ಹುಡುಗಿಯನ್ನು ಕೇಳು, ಎಷ್ಟು ಪದ ಕೊಟ್ಟರೆ ನೆನಪಾಗುತ್ತೆ, ಯಾವ ಕಡೆಯ ವಿಂಗಿನಿಂದ ಕೇಳುತ್ತೆ ಅಂತ.

ಟಾರ್ಚು, ಅದರ ಗಾಜಿಗೆ ಸುತ್ತಲು ನೀಲಿ ಜಿಲಾಟಿನ್ ಪೇಪರ್ ಕಳಿಸಿದ್ದೀನಿ, ಬೆಳಕು ರಂಗಕ್ಕೆ ಚೆಲ್ಲಲ್ಲ. ಜೊತೆಗೆ ನಿಮ್ಮಮ್ಮ ಚಕ್ಕುಲಿ ಇಟ್ಟಿದ್ದಾಳೆ, ವಿಂಗಿನಲ್ಲಿ ಮಾತ್ರ ಕಡಿಯಬೇಡ.

ನಿನ್ನ
ಅಪ್ಪಾಜಿ